ಅಕ್ಷತೆಯ ಕಣ್ಣುಗಳು

ಕ್ಯಾಮೆರಾ ಅಕ್ಕಿಕಾಳಿನಷ್ಟು ಚಿಕ್ಕದಾದರೆ ಏನೇನು ತೊಂದರೆ ಬರಬಹುದು ಎಂದು ನಾವು ಬಹಳ ಯೋಚಿಸಿದ್ದೆವು. ಫ್ಯಾನಿನ ಗಾಳಿಗೆ ಹಾರಿಹೋಗಬಹುದು, ಇರುವೆ ಹೊತ್ತೊಯ್ಯಬಹುದು, ಯಾರದೋ ಅಂಗಾಲಿಗೆ ಅಂಟಿಕೊಂಡು ಸೆಟ್ಟಿನಿಂದ ಆಚೆ ನಡೆದುಬಿಡಬಹುದು. ಪ್ರತಿಯೊಂದಕ್ಕೂ ಒಂದು ಉಪಾಯ ಮಾಡಿಟ್ಟುಕೊಂಡಿದ್ದೆವು. ಆಯುಧಪೂಜೆ ಮಾತ್ರ ಯಾರ ತಲೆಗೂ ಹೊಳೆದಿರಲಿಲ್ಲ.

ಗದಗಿನ ಅಂಚಿನಲ್ಲಿ, ಖಾಲಿ ಬಿದ್ದಿದ್ದ ಹಳೆಯ ಹತ್ತಿ ಗೋದಾಮಿನಲ್ಲಿ ನಮ್ಮ ಸೆಟ್ಟು. ಒಳಗೆ ಒಂದು ಮನೆ ಕಟ್ಟಿದ್ದರು. ಪಡಸಾಲೆ, ಒಳಕೋಣೆ, ಎತ್ತರದಲ್ಲಿ ಒಂದು ಕಿಟಕಿ. ಗೋದಾಮಿನ ಮೂಲೆಯಲ್ಲಿ ಗಾಜಿನ ಗೋಡೆಯ ಪುಟ್ಟ ಕೋಣೆಯಿತ್ತು. ಅದನ್ನು ಎಲ್ಲರೂ ಮಗ್ಗ ಎಂದು ಕರೆಯುತ್ತಿದ್ದರು. ಅದರೊಳಗೆ ಕೂರುವವಳು ನಾನು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಪಾಠ ಹೇಳಲು ಧೈರ್ಯವಿಲ್ಲದೆ, ಮಾತು ಕಡಿಮೆ ಇರುವ ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದಿದ್ದೆ.

ನಮ್ಮಲ್ಲಿ ಮೂರು ಅಳತೆಯ ಕ್ಯಾಮೆರಾಗಳಿದ್ದವು. ಕ್ರೇನಿನ ಮೇಲೆ ಕೂರುವ ದೊಡ್ಡದರ ಹೆಸರು ಆನೆ. ಬಣ್ಣ, ನೆರಳು, ಚರ್ಮದ ಮೇಲೆ ಬೆಳಕು ಜಾರುವ ಬಗೆ, ಇವನ್ನು ಅದರಷ್ಟು ಚೆನ್ನಾಗಿ ಬೇರೆ ಯಾವುದೂ ಕಾಣುತ್ತಿರಲಿಲ್ಲ. ಕೈಯಲ್ಲಿ ಹಿಡಿದು ಓಡಾಡುವುದು ಬೆಕ್ಕು. ಮೂರನೆಯದು ಅಕ್ಕಿ. ಒಂದೇ ಅಕ್ಕಿಗೆ ಕಾಣುವುದು ಮಂಜು ಮುಸುಕಿದ ಒಂದು ಚೂರು ಅಷ್ಟೇ. ಆದರೆ ನೂರಾರನ್ನು ಒಂದು ಜಾಗದಲ್ಲಿ ಚೆಲ್ಲಿದರೆ, ಒಂದೊಂದೂ ತನ್ನ ನೆರೆಯವು ಎಷ್ಟು ದೂರದಲ್ಲಿವೆ ಎಂದು ಅಳೆದುಕೊಂಡು, ತಾನು ಕಂಡ ಚೂರನ್ನು ಮಗ್ಗಕ್ಕೆ ಕಳಿಸುತ್ತದೆ. ಮಗ್ಗ ಆ ಚೂರುಗಳನ್ನೆಲ್ಲ ನೇಯುತ್ತದೆ. ನೇಯ್ಗೆ ಮುಗಿದ ಮೇಲೆ ಆ ಜಾಗದೊಳಗೆ ಎಲ್ಲಿ ಬೇಕಾದರೂ ನಿಂತು ನೋಡಬಹುದು, ಕ್ಯಾಮೆರಾ ಇಡಲು ಸಾಧ್ಯವೇ ಇಲ್ಲದ ಕಡೆಯಿಂದಲೂ. ಅಕ್ಕಿ ಎಚ್ಚರಾಗುವುದು ಮೈಶಾಖಕ್ಕೆ, ಬದುಕುವುದು ಬೆಳಕಿನಿಂದ. ಅದರ ಸಂಕೇತವನ್ನು ಮಗ್ಗಕ್ಕೆ ದಾಟಿಸುವ ಕೆಲಸ ನಮ್ಮ ತಂಡದವರ ಫೋನುಗಳದು. ಷರತ್ತು ಒಂದೇ, ಅಕ್ಕಿ ಅಲುಗಾಡಬಾರದು. ಅಲುಗಾಡಿದರೆ ತಾನು ಎಲ್ಲಿದ್ದೇನೆ ಎಂಬುದು ಅದಕ್ಕೇ ತಪ್ಪಿಹೋಗುತ್ತದೆ.

ಅಕ್ಕಿಗೆ ಕಿವಿ ಇಲ್ಲ. ಮಗ್ಗದೊಳಗೆ ಕಾಣುವ ಲೋಕದಲ್ಲಿ ಬಾಗಿಲು ಬಡಿದರೂ ಸದ್ದಿಲ್ಲ, ಜನ ಜಗಳವಾಡಿದರೂ ಸದ್ದಿಲ್ಲ. ಆ ಕೆಲಸದಲ್ಲಿ ನನಗೆ ತುಂಬ ಇಷ್ಟವಾದದ್ದು ಅದೇ.

ಆ ಸಿನಿಮಾದ ಗಟ್ಟಿ ದೃಶ್ಯವೂ ಮೌನದ್ದೇ. ಗೌರವ್ವ ಎಂಬ ಹೆಂಗಸು ತಂಗಿಯ ಮಗಳನ್ನು ಎತ್ತಿ ಆಡಿಸಿ ಬೆಳೆಸಿದ್ದಾಳೆ. ಹದಿನೈದು ವರ್ಷದ ಮೇಲೆ ಹೆತ್ತವಳು ಬಂದು ಮಗಳನ್ನು ಕರೆಯುತ್ತಾಳೆ. ಪಡಸಾಲೆಯಲ್ಲಿ ಗೌರವ್ವ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಾಳೆ. ಒಳಕೋಣೆಯಿಂದ, ಹೆತ್ತವಳ ಜೊತೆ ಹೊರಟ ಹುಡುಗಿಯ ಧ್ವನಿ ಬರುತ್ತದೆ, "ನಾ ಹೊಕ್ಕೇನಿ." ಗೌರವ್ವ ಏನೂ ಹೇಳುವುದಿಲ್ಲ. ಅಕ್ಕಿ ಆರಿಸುತ್ತಲೇ ಇರುತ್ತಾಳೆ. ಅಷ್ಟೇ ದೃಶ್ಯ.

ಗೌರವ್ವನಾಗಿದ್ದವರು ಚಂದ್ರಭಾಗಾಬಾಯಿ. ನಾವೆಲ್ಲ ಚಂದ್ರಕ್ಕ ಎನ್ನುತ್ತಿದ್ದೆವು. ನಾಟಕ ಕಂಪನಿಯಲ್ಲಿ ಹುಟ್ಟಿ, ಕಂಪನಿಯಲ್ಲೇ ಬೆಳೆದು, ಅರವತ್ತು ದಾಟುವವರೆಗೂ ಊರೂರಿನ ತಗಡಿನ ಥಿಯೇಟರುಗಳಲ್ಲಿ ಬಣ್ಣ ಹಚ್ಚಿದವರು. ಸಿನಿಮಾ ಇದೇ ಮೊದಲು. ಮಾತಿರುವ ದೃಶ್ಯಗಳನ್ನು ಒಂದೇ ಏಟಿಗೆ ಮುಗಿಸಿಬಿಡುತ್ತಿದ್ದರು. ಈ ಮಾತಿಲ್ಲದ ದೃಶ್ಯಕ್ಕೆ ಬಂದು ಗಾಡಿ ಹೂತುಹೋಗಿತ್ತು. ಹುಡುಗಿಯ ಧ್ವನಿ ಕೇಳಿದ ಕೂಡಲೇ ಚಂದ್ರಕ್ಕನ ಹುಬ್ಬು ಹಣೆಯ ಅರ್ಧಕ್ಕೆ ಏರುತ್ತಿತ್ತು, ಎದೆ ಉಬ್ಬುತ್ತಿತ್ತು, ಕೈ ಗಾಳಿಯಲ್ಲಿ ನಡುಗುತ್ತಿತ್ತು.

"ಕಡಿಮಿ ಮಾಡ್ರಿ ಅಕ್ಕಾ," ಎನ್ನುತ್ತಿದ್ದರು ನಿರ್ದೇಶಕ ಕಮತಗಿ.

"ಕಡಿಮಿ ಮಾಡೀನಲ್ರಿ."

"ಇನ್ನೂ ಕಡಿಮಿ."

"ಇನ್ನ ಕಡಿಮಿ ಮಾಡಿದ್ರ ನಾ ಸತ್ತೀನಿ ಅಂತ ತಿಳೀತಾರ ಮಂದಿ."

ಎಲ್ಲರೂ ನಕ್ಕರು. ಹಣ ಹಾಕಿದ ಸಂಸ್ಥೆಯ ಪರವಾಗಿ ಬಂದಿದ್ದ ನಿಶಾಂತ ಮಾತ್ರ ನಗಲಿಲ್ಲ. ಆತ ಕೆಟ್ಟವನಲ್ಲ, ಎಲ್ಲರೊಂದಿಗೂ ಮೆಲುದನಿಯಲ್ಲಿ ಮಾತಾಡುವ ಮನುಷ್ಯ. ದಸರೆ ಮುಗಿಯುವುದರೊಳಗೆ ದೃಶ್ಯ ಸಿಗದಿದ್ದರೆ ಗೌರವ್ವನಿಗೆ ಕಟ್ಟುಮುಖ ಕೂಡಿಸಬೇಕೆಂದು ಸಂಸ್ಥೆ ತೀರ್ಮಾನಿಸಿತ್ತು. ಕಟ್ಟುಮುಖವೆಂದರೆ ಚಂದ್ರಕ್ಕನ ಮುಖವನ್ನೇ ಅಳೆದು ಯಂತ್ರ ಕಟ್ಟಿದ ಇನ್ನೊಂದು ಮುಖ. ಅದು ಹೇಳಿದಷ್ಟೇ ಮಾಡುತ್ತದೆ. ಮತ್ತು ಒಮ್ಮೆ ಕೂಡಿಸಿದರೆ ಒಂದೇ ದೃಶ್ಯಕ್ಕೆ ನಿಲ್ಲುವುದಿಲ್ಲ, ಹೊಂದಾಣಿಕೆಗಾಗಿ ಇಡೀ ಸಿನಿಮಾಕ್ಕೆ ಅದೇ ಮುಖ ಬರಬೇಕು. ಪರದೆಯ ಮೇಲೆ ಚಂದ್ರಕ್ಕ ಎಲ್ಲಿಯೂ ಇರುವುದಿಲ್ಲ.

ಆಯುಧಪೂಜೆಯ ದಿನ ಚಿತ್ರೀಕರಣವಿಲ್ಲ. ಉಪಕರಣಗಳನ್ನೆಲ್ಲ ತೊಳೆದು ಒರೆಸಿ ಪಡಸಾಲೆಯಲ್ಲಿ ಸಾಲಾಗಿಟ್ಟರು. ನಮ್ಮ ಮ್ಯಾನೇಜರ್ ಬಸಲಿಂಗಪ್ಪ ಆನೆಗೆ ವಿಭೂತಿ ಬಳಿದು ಚೆಂಡುಹೂವಿನ ಮಾಲೆ ಹಾಕಿದ. ಬೆಕ್ಕಿಗೆ ಕುಂಕುಮವಿಟ್ಟ. ಅಕ್ಕಿಯ ತಟ್ಟೆಯ ಮುಂದೆ ಬಂದು ನಿಂತುಬಿಟ್ಟ. ಸಾವಿರಕ್ಕೂ ಮಿಕ್ಕಿದ ಕಾಳು, ಪ್ರತಿಯೊಂದೂ ಒಂದು ಕ್ಯಾಮೆರಾ. ಯಾವುದನ್ನು ಬಿಟ್ಟರೂ ದೋಷ. ಬಸಲಿಂಗಪ್ಪ ಮನಸ್ಸಿಟ್ಟು ಕೆಲಸ ಮಾಡುವ ಮನುಷ್ಯ. ಒಂದು ಚಮಚ ತುಪ್ಪ, ಒಂದು ಹಿಡಿ ಅರಿಸಿನ ಹಾಕಿ ಕೈಯಿಂದಲೇ ಹದವಾಗಿ ಕಲಸಿ, ಯಾವ ಕ್ಯಾಮೆರಾವೂ ಪೂಜೆಯಿಂದ ಹೊರಗುಳಿಯದ ಹಾಗೆ ನೋಡಿಕೊಂಡ. ಪಕ್ಕದಲ್ಲೇ ಆಶೀರ್ವಾದಕ್ಕೆಂದು ಕಲಸಿಟ್ಟ ಅಕ್ಷತೆಯ ತಟ್ಟೆಯೂ ಅದೇ ಹಳದಿಯಲ್ಲಿತ್ತು. ನಾನು ಆಗ ಹೊರಗೆ ತೋರಣ ಕಟ್ಟುವವರಿಗೆ ಏಣಿ ಹಿಡಿದಿದ್ದೆ.

ಮಂಗಳಾರತಿಯಾದ ಮೇಲೆ ಎಲ್ಲರೂ ಚಂದ್ರಕ್ಕನ ಕಾಲಿಗೆ ಬಿದ್ದೆವು. ಹಿರಿಯರು ಅವರೇ. ತಟ್ಟೆಯಿಂದ ಹಿಡಿಹಿಡಿಯಾಗಿ ಅಕ್ಷತೆ ತೆಗೆದು ಒಬ್ಬೊಬ್ಬರ ತಲೆಯ ಮೇಲೂ ಹಾಕಿದರು. "ಛಲೋ ಆಗ್ಲಿ, ನಿನ್ನ ಕಣ್ಣ ಮುಂದ ಎಲ್ಲಾ ಛಲೋ ಆಗ್ಲಿ" ಎಂದರು. ಉಳಿದದ್ದನ್ನು ಮನೆಯಲ್ಲಿರುವ ಅಕ್ಕನಿಗೆಂದು ಸೆರಗಿನಲ್ಲಿ ಗಂಟು ಕಟ್ಟಿಕೊಂಡರು.

ಹೊರಡುವ ಹೊತ್ತಿಗೆ ನಿಶಾಂತ ಅವರನ್ನು ಪಕ್ಕಕ್ಕೆ ಕರೆದ. ಕಟ್ಟುಮುಖವನ್ನು ಬಳಸುವ ಮೊದಲು ಅದರ ಒಡತಿಗೆ ತೋರಿಸಬೇಕೆಂಬುದು ನಿಯಮ. ಅವನ ಕೈಯ ಪರದೆಯಲ್ಲಿ ಚಂದ್ರಕ್ಕನಂಥದೇ ಒಂದು ಮುಖ ಅಕ್ಕಿ ಆರಿಸುತ್ತಿತ್ತು. ಅದರ ಹುಬ್ಬು ಎಷ್ಟು ಏರಬೇಕೋ ಅಷ್ಟೇ ಏರಿತು. ಕಣ್ಣಲ್ಲಿ ಎಷ್ಟು ನೀರು ಬರಬೇಕೋ ಅಷ್ಟೇ ಬಂತು. ಚಂದ್ರಕ್ಕ ಪೂರ್ತಿ ನೋಡಿದರು.

"ಛಲೋ ಮಾಡ್ಯಾಳ," ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು.

ಇಳಿಹೊತ್ತಿನಲ್ಲಿ ಬಸಲಿಂಗಪ್ಪ ಅಕ್ಕಿಯ ತಟ್ಟೆಯನ್ನು ಜೋಪಾನವಾಗಿ ಮಗ್ಗಕ್ಕೆ ತಂದುಕೊಟ್ಟ. ನಾನು ಒಂದು ಕಾಳನ್ನು ಇಕ್ಕಳದಿಂದ ಎತ್ತಿ ಒತ್ತಿದೆ. ಅದು ಪುಡಿಯಾಯಿತು.

"ಬಸಲಿಂಗಪ್ಪನವರೇ, ಇದು ಅಕ್ಕಿ."

"ಹೌದ್ರಿ ಇಳಾ ಮೇಡಂ, ಅಕ್ಕಿನ."

"ಅಲ್ಲ. ನಿಜವಾದ ಅಕ್ಕಿ."

ಬಸಲಿಂಗಪ್ಪ ತಟ್ಟೆಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ನಿಧಾನವಾಗಿ ಕೈಯೆತ್ತಿ ತನ್ನ ತಲೆ ತಡವಿಕೊಂಡ. ಕೂದಲಿನೊಳಗಿಂದ ಹಳದಿ ಕಾಳೊಂದು ಉದುರಿ ಮೇಜಿನ ಮೇಲೆ ಬಿದ್ದು, ಟಿಕ್ಕೆಂದು ಲೋಹದ ಸದ್ದು ಮಾಡಿತು.

ಪೂಜೆಗಿಟ್ಟ ಆಯುಧವನ್ನು ಅಂದು ಮುಟ್ಟಬಾರದು. ಆದರೆ ನಾನು ಮಗ್ಗವನ್ನು ಚಾಲೂ ಮಾಡಲೇಬೇಕಾಯಿತು. ಅಕ್ಕಿಗಳು ಎಲ್ಲಿವೆಯೆಂದು ತಿಳಿದು ಮಲಗಿಸದಿದ್ದರೆ ಅವು ಗುಂಪಾಗಿ ಬಿದ್ದ ಮನೆಗಳ ಒಳಗು ನಮ್ಮಲ್ಲಿಗೆ ಬಂದುಬಿಡುತ್ತಿತ್ತು. ನಕ್ಷೆಯ ಮೇಲೆ ಚುಕ್ಕೆಗಳು ಮೂಡಿದವು. ಬೆಟಗೇರಿಯಲ್ಲಿ ನಾಲ್ಕಾರು, ಬಸ್ ನಿಲ್ದಾಣದಲ್ಲಿ ಒಂದು, ಕ್ಷೌರದಂಗಡಿಯಲ್ಲಿ ಎಂಟು. ಒಂದೊಂದನ್ನೂ ಮಲಗಿಸುತ್ತ ಹೋದೆ. ಚದುರಿದ ಅಕ್ಕಿಗೆ ಏನೂ ಕಾಣುವುದಿಲ್ಲ, ಭಯವಿರಲಿಲ್ಲ. ಆದರೆ ಒಂದು ಓಣಿಯಲ್ಲಿ ನೂರಾರು ಚುಕ್ಕೆ ಒಟ್ಟಿಗೇ ಇದ್ದವು, ಅಲುಗಾಡದೆ. ನಾನು ಕೈಯಿಡುವ ಮೊದಲೇ ಮಗ್ಗ ತನ್ನ ಪಾಡಿಗೆ ನೇಯತೊಡಗಿತು.

ಮೊದಲು ಒಂದು ನೆಲ ಮೂಡಿತು. ದೇವರ ಗೂಡು ಮೂಡಿತು. ದೀಪ ಹಚ್ಚುತ್ತಿದ್ದ ಒಬ್ಬ ಮುದುಕಿ ಬಂದಳು, ಚಂದ್ರಕ್ಕ ಹೇಳಿದ ಅಕ್ಕನೇ ಇರಬೇಕು. ನೆಲದ ಮೇಲೆ ಕಾಲು ಚಾಚಿ, ಗೋಡೆಗೆ ಒರಗಿ ಚಂದ್ರಕ್ಕ ಕೂತಿದ್ದರು. ತುರುಬು ಬಿಚ್ಚಿ, ಅಕ್ಕ ಹರಸಿ ಹಾಕಿದ್ದಿರಬಹುದಾದ ಅಕ್ಷತೆಯನ್ನು ಕೂದಲೊಳಗಿಂದ ಕೊಡವುತ್ತಿದ್ದರು. ಬಿಚ್ಚಿದ ಸೆರಗಿನ ಗಂಟಿನಿಂದ ಸುತ್ತಲೂ ಕಾಳುಗಳು ಚೆಲ್ಲಿದ್ದವು. ಮುದುಕಿ ಬಾಯಿ ಆಡಿಸಿದಳು, ಬಹುಶಃ ದೀಪ ಹಚ್ಚುವ ಹೊತ್ತಿನಲ್ಲಿ ಕೂದಲು ಬಿಚ್ಚಿದ್ದಕ್ಕೆ ಬೈಗುಳ. ನನಗೆ ಕೇಳಿಸಲಿಲ್ಲ. ಚಂದ್ರಕ್ಕನಿಗೂ ಕೇಳಿಸಿದ ಹಾಗಿರಲಿಲ್ಲ. ಅವರ ಕೈ ಕೂದಲ ನಡುವೆ ನಿಂತಿತು. ಮುಖದಲ್ಲಿ ಏನೂ ಅಲುಗಲಿಲ್ಲ. ಆದರೂ ಆ ಮುಖದ ಹಿಂದೆ ಯಾರೋ ಒಂದು ದೊಡ್ಡ ಮನೆಯ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತ ಬರುತ್ತಿರುವುದು ಕಾಣುತ್ತಿತ್ತು. ಆಮೇಲೆ ಕೈ ಮತ್ತೆ ಚಲಿಸಿತು. ಇನ್ನೊಂದು ಕಾಳು ಉದುರಿತು.

"ಇದ," ಎಂದಿತು ನನ್ನ ಹಿಂದಿನಿಂದ ಒಂದು ಧ್ವನಿ. ಕಮತಗಿ ಯಾವಾಗ ಬಂದು ನಿಂತಿದ್ದರೋ. ಅವರ ಪಕ್ಕದಲ್ಲಿ ನಿಶಾಂತ. "ತಿಂಗಳಾತು, ನಾ ಬೇಡಾಕತ್ತಿದ್ದು ಇದನ್ನ."

ನಾನು ಪರದೆ ಮುಚ್ಚಿ ಆ ಓಣಿಯ ಅಕ್ಕಿಗಳನ್ನು ಮಲಗಿಸಿದೆ.

"ಯಾಕ ಮುಚ್ಚಿದಿ?"

"ಅದು ಅವರ ಮನೆ ಸರ್."

"ಮನಿ ತಗದು ಸೆಟ್ ಹಾಕು. ಕೂದಲಾ ತಗದು ಮೊರ ಹಾಕು. ಮಗ್ಗಕ್ಕ ಆಗೂದಿಲ್ಲೇನ ಅಷ್ಟು?"

"ಆಗತ್ತೆ."

"ಮತ್ತ?"

ನಿಶಾಂತ ಮೆಲ್ಲಗೆ ಹೇಳಿದ, "ಒಪ್ಪಂದದ ಪ್ರಕಾರ ನಮ್ಮ ಕ್ಯಾಮೆರಾದಲ್ಲಿ ಬಿದ್ದದ್ದೆಲ್ಲ ಸಂಸ್ಥೆಯದ್ದೇ ಇಳಾ. ಅವರ ಮುಖ ಸಿನಿಮಾದಲ್ಲಿ ಉಳಿಯತ್ತೆ. ಕಟ್ಟುಮುಖ ಬೇಡ. ಅವರಿಗೂ ಒಳ್ಳೇದೇ ತಾನೆ?"

ಅವನ ಮಾತು ನಿಜ. ಆದರೆ ಆ ಮುಖವನ್ನು ಉಳಿಸಲು ಅದೇ ಮುಖವನ್ನು ಕದಿಯಬೇಕಾಗಿತ್ತು.

"ಬೆಳಿಗ್ಗೆ ನಾನೇ ಹೋಗಿ ಕೇಳ್ತೀನಿ," ಎಂದೆ.

"ಕೇಳಿದ್ರ ಇಲ್ಲಂತಾಳ," ಎಂದರು ಕಮತಗಿ. "ನಂಗೊತ್ತೈತಿ. ಕಂಪನಿಯಾಕಿ. ಚೌಕಿಯೊಳಗ ಬಣ್ಣಾ ಹಚ್ಚೂ ಮುಂದ ಯಾರರ ಇಣುಕಿದ್ರ ಚಪ್ಪಲಿ ತೋರ್ಸೂ ಮಂದಿ."

ಮರುದಿನ ವಿಜಯದಶಮಿ. ಚಂದ್ರಕ್ಕನ ಮನೆಯ ಬಾಗಿಲು ತೆಗೆದವರು ಅವರ ಅಕ್ಕ ಕಾಶೀಬಾಯಿ. ಅವರೂ ಕಂಪನಿಯ ಕಲಾವಿದೆಯೇ, ಖಳನಾಯಕಿಯ ಪಾತ್ರಗಳಿಗೆ ಹೆಸರಾದವರು. ನಾನು ವಿಷಯ ಹೇಳಿ ಮುಗಿಸುವುದರೊಳಗೆ ಅವರ ಒಂದು ಕೈ ಸೊಂಟಕ್ಕೆ ಏರಿತ್ತು.

"ಏನಂದಿ? ಇಕಿ ನನ್ನ ತಲೀ ಮ್ಯಾಲ ಹಾಕಿದ್ದು ಅಕ್ಕಿ ಅಲ್ಲೇನ? ಕಣ್ಣೇನ? ಯವ್ವಾ, ಮುಂಜಾನಿಂದ ನಾ ಸ್ನಾನಾ ಸೈತ ಮಾಡೀನಲ್ಲs!"

"ಮಲಗಿಸಿಬಿಟ್ಟಿದ್ದೆ ದೊಡ್ಡಮ್ಮಾ, ನಿನ್ನೆ ಸಂಜೇನೇ. ಏನೂ ಕಾಣಲ್ಲ."

"ಕಾಣ್ಲಿ ಬಿಡs," ಎಂದು ಒಳಗಿನಿಂದ ಚಂದ್ರಕ್ಕ ಕೂಗಿದರು. "ನಿನ್ನ ನೋಡಿ ಹೆದರಿ ಅವs ಕಣ್ಣ ಮುಚ್ಚಿರ್ತಾವ."

ನಾನು ನೆಲದ ಮೇಲೆ ಕೂತು, ತಂದಿದ್ದ ಪರದೆಯನ್ನು ಅವರ ಮುಂದಿಟ್ಟೆ. ನಿನ್ನೆಯ ಸಂಜೆ ಅದರಲ್ಲಿ ಮೂಡಿತು. ಚಂದ್ರಕ್ಕ ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಕಾಶೀಬಾಯಿ ಸೊಂಟದ ಮೇಲಿನ ಕೈ ಇಳಿಸಿದರು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಒಲೆ ಚುರ್ರೆಂದಿತು. ಯಾರೂ ಏಳಲಿಲ್ಲ.

"ಇಕಿ ಯಾರ?" ಎಂದರು ಚಂದ್ರಕ್ಕ.

"ನೀವೇ."

"ನಾನs. ಖರೆ." ಪರದೆಯನ್ನು ಬೆರಳಿನಿಂದ ಮುಟ್ಟಿದರು. "ನಿನ್ನೆ ಆ ಹುಡುಗ ತೋರ್ಸಿದ್ನಲ್ಲಾ, ಆಕಿನ್ನ ನೆನಸಾಕತ್ತಿದ್ದೆ. ನನಗಿಂತ ಛಲೋ ಮಾಡ್ಯಾಳ, ಇನ್ನ ನಂದೇನೈತಿ ಅಂತ. ಇದನ್ನ ಹಾಕ್ತೀರೇನ ಸಿನಿಮಾಕ್ಕ?"

"ನೀವು ಹೂಂ ಅಂದ್ರೆ."

"ಊಂಹೂಂ. ಇದು ನನ್ನ ಸಂಜಿ, ತಂಗಿ. ಪಾರ್ಟ್ ಅಲ್ಲ. ಅಳಿಸಿಬಿಡು."

ಹೇಳಬೇಕಾದದ್ದನ್ನು ಹೇಳಿದೆ. ಅಳಿಸಿದರೆ ಉಳಿಯುವುದು ಇದೊಂದು ದಿನ, ನಾಳೆ ಕಟ್ಟುಮುಖ. ಅವರು ತಲೆಯಾಡಿಸಿದರು. ನಾನು ಅವರ ಎದುರಿಗೇ ಅಳಿಸಿದೆ. ಪರದೆ ಕಪ್ಪಾಯಿತು. ಗೋದಾಮಿಗೆ ಮರಳಿ ಕಮತಗಿಯವರ ಮುಖ ಹೇಗೆ ನೋಡುವುದೆಂದು ಯೋಚಿಸುತ್ತಿದ್ದೆ.

ಆಗ ಚಂದ್ರಕ್ಕ ಕೇಳಿದರು, "ಆದ್ರ ಒಂದ್ ಮಾತ ಹೇಳು. ಅಷ್ಟ ಹತ್ರದಿಂದ ನೋಡಿದ್ದು ಯಾವ ಕ್ಯಾಮೆರಾ?"

"ನಿಮ್ಮ ಮೊಣಕಾಲ ಪಕ್ಕ ಬಿದ್ದಿದ್ವಲ್ಲ, ಆ ಕಾಳುಗಳು."

"ಅಷ್ಟ ಸಣ್ಣಾವು? ಅಷ್ಟ ಹತ್ರ?"

"ಇನ್ನೂ ಹತ್ರ ಬರ್ತವೆ. ಅದಕ್ಕೇ ಅಲ್ವಾ ಅವನ್ನ ಮಾಡಿರೋದು."

ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೋಡ ತಂಗಿ," ಎಂದರು ಕಾಶೀಬಾಯಿ ನನ್ನ ಕಡೆ ತಿರುಗಿ, ಈಗ ಬೈಗುಳದ ಧ್ವನಿಯಲ್ಲಲ್ಲ. "ಕ್ಯಾಂಪ್ ಬದಲಾಗಿ ಹೊಸಾ ಊರಿಗೆ ಹೋದ ಕೂಡ್ಲೆ ನಾವು ಮೊದ್ಲ ಕೇಳೂದು, ಕಡೀ ಬೆಂಚ್ ಎಲ್ಲೈತಿ ಅಂತ. ಅಲ್ಲಿ ಕುಂತಾವ್ನಿಗೆ ಕಾಣೂವಷ್ಟು ಹುಬ್ಬು ಏರಿಸ್ಬೇಕು. ಥೇಟರ್ ದೊಡ್ದಾದ್ರ ಹುಬ್ಬು ಮ್ಯಾಲ, ಸಣ್ಣದಾದ್ರ ಹುಬ್ಬು ಕೆಳಗ. ಅಷ್ಟs."

"ನಿಮ್ಮ ಸೆಟ್ನ್ಯಾಗ ಆ ಮಾತ ಯಾರೂ ಹೇಳ್ಲಿಲ್ಲ ನನಗ," ಎಂದರು ಚಂದ್ರಕ್ಕ. "ನಾನೂ ಕೇಳ್ಲಿಲ್ಲ. ಎದುರಿಗೆ ಆನಿ ನಿಂತಿತ್ತು. ಅಷ್ಟು ದೊಡ್ಡ ಕ್ಯಾಮೆರಾ ಅಂದ್ರ ಭಾಳ ದೂರದ ಮಂದಿಗೆ ತೋರ್ಸಾಕ ಇಟ್ಟಾರ ಅಂತ ತಿಳದೆ."

ತಿಂಗಳಿಡೀ ಕಡಿಮೆ ಮಾಡಿ, ಇನ್ನೂ ಕಡಿಮೆ ಮಾಡಿ ಎಂದು ಬೇಡಿದ್ದೆವು. ಯಾರಿಗಾಗಿ ಕಡಿಮೆ, ಅವರೆಲ್ಲಿ ಕೂತಿದ್ದಾರೆ ಎಂದು ಮಾತ್ರ ಹೇಳಿರಲಿಲ್ಲ. ಕ್ಯಾಮೆರಾ ಯಾವ ಅಳತೆಯದಾದರೂ ನನಗೆ ಅದೊಂದು ಸಂಖ್ಯೆ. ಅವರಿಗೆ ಅದು ನೋಡುವವರು ಕೂತ ದೂರ.

"ಕಡೀ ಬೆಂಚ್ ನಿಮ್ಮ ಮೊರದೊಳಗಿದೆ ಚಂದ್ರಕ್ಕ," ಎಂದೆ. ಹೇಳಿದ ಮೇಲೆ ಅದು ನಿಜವಾಗಿಯೂ ಹಾಗೇ ಆಗಬೇಕು ಅನ್ನಿಸಿತು. "ಅಲ್ಲೇ ಇಡ್ತೀನಿ. ನೀವು ಆರಿಸೋ ಅಕ್ಕಿ ಜೊತೆಗೇ."

ಚಂದ್ರಕ್ಕ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡರು. "ಕಾಶಕ್ಕಾ, ನೀನೂ ಬಾ. ಹುಬ್ಬು ಏರಿತಂದ್ರ ಅಲ್ಲಿಂದs ಬೈ."

ಹೇಳುವುದು ಸುಲಭ. ಮೊರದಲ್ಲಿ ಆಡುವ ಅಕ್ಕಿ ಒಂದು ಕ್ಷಣವೂ ನಿಲ್ಲುವುದಿಲ್ಲ, ನಿಲ್ಲದ ಅಕ್ಕಿಯಿಂದ ಮಗ್ಗಕ್ಕೆ ಏನೂ ನೇಯಲಾಗದು. ಚಂದ್ರಕ್ಕನ ಮನೆಯಲ್ಲಿ ಗುಡಿಸಿಟ್ಟಿದ್ದ ಕಾಳುಗಳನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಗೋದಾಮಿಗೆ ಬರುವಾಗ ಇದೊಂದೇ ತಲೆಯೊಳಗೆ ಸುತ್ತುತ್ತಿತ್ತು. ತಾನೆಲ್ಲಿದ್ದೇನೆಂದು ಅಕ್ಕಿಗೆ ತಿಳಿಯದಿದ್ದರೆ ಬೇರೆ ಯಾರಾದರೂ ಅದಕ್ಕೆ ಹೇಳಬೇಕು. ಯಾರು?

ಗೋದಾಮಿನ ನಲ್ಲಿಯ ಹತ್ತಿರ ಬಸಲಿಂಗಪ್ಪ ಕೂತಿದ್ದ. ಬೆಳಗಿನಿಂದ ಮನೆಮನೆ ತಿರುಗಿ, ಜನರ ತಲೆ ಬಾಚಿಸಿ, ಹಾಸಿಗೆ ಕೊಡವಿಸಿ, ಕಾಳುಗಳನ್ನು ಚಾ ಸೋಸುವ ಜರಡಿಯಲ್ಲಿ ಹಾಕಿಕೊಂಡು ಬಂದಿದ್ದ. ಒಂದು ಮಾತ್ರ ಸಿಕ್ಕಿರಲಿಲ್ಲ, ಲೈಟಿನವನ ಅತ್ತೆ ಅದನ್ನು ಪ್ರಸಾದವೆಂದು ನುಂಗಿದ್ದಳು. ಜರಡಿಯನ್ನು ನಲ್ಲಿಯ ಕೆಳಗೆ ಹಿಡಿದು ನೀರು ಬಿಡುವುದರಲ್ಲಿದ್ದ.

"ತೊಳೀಬೇಡಿ!" ಎಂದು ಕಿರುಚಿದೆ. ಅಷ್ಟು ಜೋರಾಗಿ ನಾನು ಆ ಸೆಟ್ಟಿನಲ್ಲಿ ಎಂದೂ ಮಾತಾಡಿರಲಿಲ್ಲ.

ಬಸಲಿಂಗಪ್ಪ ಜರಡಿಯನ್ನು ಎದೆಗವಚಿಕೊಂಡ. "ಅರಿಸಿನ ಹತ್ತೇತ್ರಿ ಮೇಡಂ. ಹಂಗs ಇಟ್ರ ನೀವs ಬೈತೀರಿ."

"ಅರಿಸಿನಾನೇ ಬೇಕು."

ಬೇರೆ ಕ್ಯಾಮೆರಾಗಳಿಗೆ ಎದ್ದು ಕಾಣಬಾರದೆಂದು ಅಕ್ಕಿಗಳನ್ನು ಬಿಳಿಯಾಗಿ ಮಾಡಿಸಿದ್ದೆವು. ಬಿಳಿ ಅಕ್ಕಿಯ ನಡುವೆ ಅವನ್ನು ಆನೆಯ ಕಣ್ಣೂ ಹುಡುಕಲಾರದು. ಆದರೆ ಹಳದಿಯದು ಬೇರೆ ಮಾತು. ಎತ್ತರದ ಕಿಟಕಿಯ ಆಚೆ ಆನೆಯನ್ನು ನಿಲ್ಲಿಸಿದರೆ ಅದು ಮೊರದೊಳಗಿನ ಪ್ರತಿಯೊಂದು ಹಳದಿ ಕಾಳನ್ನೂ ಹಿಂಬಾಲಿಸಬಹುದು. ನೀನೀಗ ಇಲ್ಲಿದ್ದೀ, ಹೀಗೆ ಹೊರಳಿದ್ದೀ ಎಂದು ಮಗ್ಗಕ್ಕೆ ಹೇಳುತ್ತಲೇ ಇರಬಹುದು. ದೊಡ್ಡ ಕಣ್ಣು ಚಂದ್ರಕ್ಕನನ್ನು ನೋಡುವುದೇ ಇಲ್ಲ. ಅದು ಚಿಕ್ಕ ಕಣ್ಣುಗಳನ್ನು ನೋಡುತ್ತದೆ. ಚಿಕ್ಕ ಕಣ್ಣುಗಳು ಅವರನ್ನು ನೋಡುತ್ತವೆ.

ಮಧ್ಯಾಹ್ನದ ಮೊದಲ ಪರೀಕ್ಷೆ ಸೋತಿತು. ಕೈ ಮೊರದ ಮೇಲೆ ಬಂದಾಗಲೆಲ್ಲ ಆನೆಗೆ ಕಾಳುಗಳು ಮರೆಯಾಗಿ, ಮಗ್ಗದ ಪರದೆಯಲ್ಲಿ ಚಂದ್ರಕ್ಕನ ಮುಖ ಹರಿದ ಬಟ್ಟೆಯಂತೆ ಚಿಂದಿಯಾಯಿತು. ನಾನು ಮರಳಿದಾಗಿನಿಂದ ಕಮತಗಿ ನನಗೆ ಬೆನ್ನು ಹಾಕಿ ಕೂತಿದ್ದರು. ಅಳಿಸಿದ್ದು ಅವರಿಗೆ ಗೊತ್ತಾಗಿತ್ತು. ಈಗ ಅವರೇ ಎದ್ದು, ಬೆಕ್ಕನ್ನು ತೆಗೆದುಕೊಂಡು ಹೋಗಿ, ನೆಲಕ್ಕೆ ಅಂಗಾತ ಮಲಗಿ, ಬಾಗಿಲ ಮರೆಯಿಂದ ಕೈಯ ಕೆಳಗೆ ಕಾಣುವ ಹಾಗೆ ಹಿಡಿದರು.

"ಆನಿಗೆ ಕಾಣದ್ದು ಬೆಕ್ಕಿಗೆ ಕಾಣ್ತೈತೇನ ನೋಡು," ಎಂದರು.

ಕಂಡಿತು. ಪರದೆಯ ಮೇಲಿನ ಚಿಂದಿ ಕೂಡಿಕೊಂಡು ಒಂದು ಮುಖವಾಯಿತು.

ಚಂದ್ರಕ್ಕ ಪಡಸಾಲೆಗೆ ಬಂದು ಮೊರದ ಮುಂದೆ ಕೂತರು. ಕ್ರೇನು ಇದ್ದ ಜಾಗ ಖಾಲಿ. ಎದುರಿಗೆ ಬರೀ ಗೋಡೆ. ಒಂದು ಹಳದಿ ಕಾಳನ್ನು ಬೆರಳ ತುದಿಯಲ್ಲಿ ಹೊರಳಿಸಿ ನೋಡಿ, "ಇಷ್ಟs? ಇಷ್ಟs ಮಂದೀನ?" ಎಂದರು. ಆಮೇಲೆ ಕಣ್ಣುಮುಚ್ಚಿ, ತುಟಿ ಅಲುಗಿಸಿ, ರಂಗಕ್ಕೆ ಇಳಿಯುವ ಮೊದಲು ಮಾಡುವಂತೆ ನೆಲ ಮುಟ್ಟಿ ನಮಸ್ಕರಿಸಿದರು.

ಮಗ್ಗದ ಗಾಜಿನ ಬಾಗಿಲು ಮುಚ್ಚಿತ್ತು. ಒಳಗೆ ನಾನು, ನಿಶಾಂತ, ಕಾಶೀಬಾಯಿ. ನಿಶಾಂತನ ಮುಂದಿನ ಪರದೆಯಲ್ಲಿ ಕಟ್ಟುಮುಖ ಸಿದ್ಧವಾಗಿ ಕಾದಿತ್ತು.

ಒಳಕೋಣೆಯ ಹುಡುಗಿ ತನ್ನ ಮಾತು ಹೇಳಿದ್ದು ನಮಗೆ ಕೇಳಿಸಲಿಲ್ಲ. ಚಂದ್ರಕ್ಕನ ಮುಖದಲ್ಲೇ ತಿಳಿಯಿತು. ಅಲ್ಲಿ ಏನೂ ಆಗಲಿಲ್ಲ. ನಾವು ನೋಡುತ್ತಿದ್ದದ್ದು ಮೊರದೊಳಗಿನಿಂದ. ಬೆರಳುಗಳು ಬೆಟ್ಟಗಳ ಹಾಗೆ ನಮ್ಮ ಮೇಲೆ ಬಂದು ಹೋಗುತ್ತಿದ್ದವು. ಅವುಗಳ ಸಂದಿನಲ್ಲಿ, ಎತ್ತರದಲ್ಲಿ, ಆ ಮುಖ. ಕೈ ಒಂದು ಕಲ್ಲನ್ನು ಆರಿಸಿತು. ಇನ್ನೊಂದನ್ನು ಆರಿಸಿತು. ಮೂರನೆಯ ಸಲ ಬರೀ ಕಾಳನ್ನೇ ಕಲ್ಲೆಂದು ಹೆಕ್ಕಿ ಎಸೆಯಿತು. ನಾಲ್ಕನೆಯದೂ ಕಾಳೇ. ಕೆನ್ನೆಯ ಮೇಲೆ, ಕಿವಿಯ ಹತ್ತಿರ, ಒಂದು ನರ ಒಮ್ಮೆ ಅದುರಿತು. ತಗಡಿನ ಥಿಯೇಟರಿನ ಮೊದಲ ಸಾಲಿನವನಿಗೂ ಅದು ಎಂದೂ ಕಂಡಿರಲಾರದು.

ಆಮೇಲೆ ಯಾರೂ ಹೇಳಿಕೊಡದ ಒಂದು ಕೆಲಸ ಮಾಡಿದರು. ಒಂದು ಹಳದಿ ಕಾಳನ್ನು ಎತ್ತಿ ಕಣ್ಣ ಸಮೀಪಕ್ಕೆ ತಂದರು, ಕಲ್ಲೋ ಅಕ್ಕಿಯೋ ಗೊತ್ತಾಗದವರಂತೆ. ಪರದೆಯ ತುಂಬ ಆ ಕಣ್ಣೇ ಆಯಿತು. ಅದರಲ್ಲಿ ನೀರಿರಲಿಲ್ಲ. ಹದಿನೈದು ವರ್ಷ ಸಾಕಿದ ಮಗುವನ್ನು ಬಾಗಿಲವರೆಗೆ ಕಳಿಸಿಕೊಟ್ಟು, ಹೊರಗಿನ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ನೋಡುವ ನೋಟ. ಅದು ನಮ್ಮನ್ನೇ ನೋಡಿತು. ಕಾಳನ್ನು ಹಗುರವಾಗಿ ಮೊರದೊಳಕ್ಕೆ ಬಿಟ್ಟರು. ನಾವು ಅದರೊಡನೆ ಬಿದ್ದೆವು.

ಅಕ್ಕಿಯೆಲ್ಲ ಹಸನಾಗುವವರೆಗೂ ಆರಿಸಿದರು. ಕಮತಗಿ ಕಟ್ ಎನ್ನಲಿಲ್ಲ. ಬಾಗಿಲ ಮರೆಯಲ್ಲಿ ಬೆಕ್ಕನ್ನು ಎದೆಯ ಮೇಲಿಟ್ಟುಕೊಂಡು ಮಲಗಿದವರು ಹಾಗೇ ಉಳಿದರು. ಕಾಶೀಬಾಯಿಯ ಕೈ ನನ್ನ ಭುಜವನ್ನು ಎಷ್ಟು ಗಟ್ಟಿಯಾಗಿ ಹಿಡಿದಿತ್ತೆಂದರೆ ಎರಡು ದಿನ ಗುರುತು ಹೋಗಲಿಲ್ಲ.

ಚಂದ್ರಕ್ಕ ತಲೆಯೆತ್ತಿ ಗಾಜಿನ ಕೋಣೆಯತ್ತ ನೋಡಿದರು. ಬಾಯಿ ಆಡಿತು. ನಾನು ಬಾಗಿಲು ತೆಗೆದೆ.

"ಏನವ್ವಾ, ಅಕ್ಕಿ ಹಸನಾತು. ಇನ್ನ ಅನ್ನಾ ಮಾಡ್ಲೇನ?"

ಮೊದಲು ಚಪ್ಪಾಳೆ ತಟ್ಟಿದವರು ಮೇಲೆ ಅಟ್ಟದಲ್ಲಿದ್ದ ಲೈಟಿನವರು. ಆಮೇಲೆ ಇಡೀ ಗೋದಾಮು. ಬಸಲಿಂಗಪ್ಪ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ. ಕಾಶೀಬಾಯಿ ಖಳನಾಯಕಿಯ ಗತ್ತಿನಲ್ಲಿ ನಡೆದುಹೋಗಿ ತಂಗಿಯ ಎದುರು ನಿಂತರು.

"ಹುಬ್ಬು ಏರ್ಲಿಲ್ಲ," ಎಂದರು.

"ಮತ್ತ ಯಾಕ ಅಳಾಕತ್ತಿ?"

"ನಾ ಎಲ್ಲಿ ಅಳಾಕತ್ತೀನಿ? ನಿನ್ನ ಕಣ್ಣ ನೆಟ್ಟಗಿಲ್ಲ."

ನಿಶಾಂತ ಮಗ್ಗದಲ್ಲಿ ಒಬ್ಬನೇ ಕೂತಿದ್ದ. ನಾನು ಹಿಂದಿರುಗಿದಾಗ ಅವನ ಪರದೆ ಖಾಲಿಯಾಗಿತ್ತು. "ತೆಗೆದುಬಿಟ್ಟೆ," ಎಂದ. "ಸಂಸ್ಥೆಯವರಿಗೆ ಇಲ್ಲ ಅಂತ ಹೇಳೋದಕ್ಕೆ ನಂಗೆ ಮೂರೇ ಪದ ಸಾಕಾಯ್ತು. ಕಟ್ಟುಮುಖ ಬೇಡ, ಸಾಕು."

ಸಂಜೆ ಎಲ್ಲರೂ ಗೋದಾಮಿನ ಅಂಗಳದಲ್ಲಿ ಸೇರಿದರು. ಯಾರೋ ಬನ್ನಿಯ ಟೊಂಗೆಗಳನ್ನು ತಂದಿದ್ದರು. ಎಲೆ ಕೊಟ್ಟು, ಎಲೆ ತೆಗೆದುಕೊಂಡು, ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಕಮತಗಿ ನನ್ನ ಕೈಯಲ್ಲಿ ಎಲೆಯಿಟ್ಟು, ಅದರ ಮೇಲೆ ನನ್ನ ಬೆರಳುಗಳನ್ನು ತಾವೇ ಮಡಿಸಿ, ಮುಂದೆ ಹೋದರು. ನನಗೆ ಅದು ಸಾಕಾಯಿತು. ಈ ಕಡೆಯ ರೂಢಿ ಗೊತ್ತಿಲ್ಲದ ನಿಶಾಂತ ಗೋಡೆಗೆ ಒರಗಿ ದೂರ ನಿಂತಿದ್ದ. ಚಂದ್ರಕ್ಕ ತಾವೇ ಹೋಗಿ ಅವನ ಅಂಗೈ ಬಿಡಿಸಿ ಬನ್ನಿ ಇಟ್ಟರು.

"ಬಂಗಾರ ತಗೋ. ಬಂಗಾರಧಂಗ ಇರೂಣು."

ಅವನು ಎಲೆಯನ್ನೇ ನೋಡುತ್ತ, "ಅಮ್ಮಾ, ಆ ಮುಖಾನ ತೆಗೆದುಹಾಕಿದ್ದೀನಿ," ಎಂದ.

"ಅಯ್ಯ, ಯಾಕ?"

"ಇನ್ನು ಅದಕ್ಕೆ ಕೆಲಸ ಇಲ್ಲವಲ್ಲ."

"ಪಾಪ, ಅಷ್ಟು ದೂರದಿಂದ ಬಂದಿದ್ಲು," ಎಂದರು ಚಂದ್ರಕ್ಕ. "ಒಂದ್ ಸಣ್ಣ ಪಾರ್ಟರ ಕೊಡಬೇಕಾಗಿತ್ತು. ನನಗ ತಂಗಿ ಮಾಡಿದ್ರ ಆಗ್ತಿತ್ತು."

ನಿಶಾಂತ ನಕ್ಕ. ಆ ಮನುಷ್ಯನಿಗೆ ಅಷ್ಟು ದೊಡ್ಡ ನಗುವಿದೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಚಂದ್ರಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಉಳಿದ ಬನ್ನಿಯ ಟೊಂಗೆಯನ್ನು ಹಿಡಿದು, ಅಂಗಳದಲ್ಲಿ ಇನ್ನೂ ಯಾರ ಕೈ ಖಾಲಿ ಇದೆ ಎಂದು ನೋಡುತ್ತ ನಡೆದರು.